ಮಿಕ್ಕ ಒಂದೂವರೆ ಇಂಚು

ಇದು ನನ್ನ ಸ್ವಂತ ದೊಡ್ಡಪ್ಪನ ಮಗನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡು ಬಂದು ನಿಮಗೆ ಒಪ್ಪಿಸುತ್ತಿಲ್ಲ. ಅಣ್ಣ ಗಾರೆ ಮೇಸ್ತ್ರಿ. ಅದರಲ್ಲೂ ಮೆಟ್ಟಿಲು ಕಟ್ಟುವುದರಲ್ಲಿ ಎತ್ತಿದ ಕೈ. ದೆವ್ವ ಗಿವ್ವ ಎಂದರೆ ಮೂಗು ಮುರಿಯುವ ಆಸಾಮಿ. "ಅವು ಇದ್ದಿದ್ರೆ ಒಂದಾದ್ರೂ ನನ್ನ ಹತ್ರ ಮನೆ ಕಟ್ಟಿಸ್ಕೊಳ್ತಿರಲಿಲ್ವಾ?" ಎಂದು ಕೇಳಿ, ತಾನೇ ನಗುತ್ತಿದ್ದ. ಆ ರಾತ್ರಿಯವರೆಗೆ.

ಆವತ್ತು ಒಂದು ಮನೆಯ ತಾರಸಿಗೆ ಕಾಂಕ್ರೀಟು ಹಾಕುವ ಕೆಲಸ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ಮುಗಿಯುವಾಗ ಹನ್ನೊಂದೂವರೆ ದಾಟಿತ್ತು. ಕೈಕಾಲು ತೊಳೆದು, ಕರಣೆ, ರಸಮಟ್ಟ, ತೂಗುಗುಂಡು ಎಲ್ಲ ಚೀಲಕ್ಕೆ ತುರುಕಿ, ಹೆಗಲಿಗೇರಿಸಿ ಹೊರಟ. ದಾರಿಯಲ್ಲಿ ಒಂದು ಹಳೇ ಬಾವಿ. ಈಗ ಅದರಲ್ಲಿ ಯಾರೂ ನೀರು ಸೇದುವುದಿಲ್ಲ. ಮೇಲೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದಿದ್ದಾರೆ. ಸುತ್ತ ಖಾಲಿ ಜಾಗ, ಸಪಾಟು ನೆಲ. ಒಂದು ಗೋಡೆಯೂ ಇಲ್ಲ.

ಬಾವಿ ದಾಟಿ ನಾಲ್ಕು ಮಾರು ಹೋಗಿರಬೇಕು. ಹಿಂದೆ ಸದ್ದು.

ಟಪ್... ಟಪ್... ಟಪ್...

ರಬ್ಬರ್ ಚಪ್ಪಲಿ. ಯಾರೋ ಬರುತ್ತಿದ್ದಾರೆ ಅಂದುಕೊಂಡ. ಇನ್ನೆರಡು ಹೆಜ್ಜೆಗೆ ಅವನ ಕಿವಿ ನಿಮಿರಿತು. ಅದು ನಡೆಯುವ ಸದ್ದಲ್ಲ... ಹತ್ತುವ ಸದ್ದು. ನಿಮಗೂ ನನಗೂ ವ್ಯತ್ಯಾಸ ತಿಳಿಯದು, ಮೂವತ್ತು ವರ್ಷ ಮೆಟ್ಟಿಲು ಕಟ್ಟಿದವನಿಗೆ ತಿಳಿಯುತ್ತದೆ. ನಡೆಯುವವರ ಹಿಮ್ಮಡಿ ಮೊದಲು ಊರುತ್ತದೆ, ಚಪ್ಪಲಿ ನೆಲವನ್ನು ಉಜ್ಜುತ್ತದೆ. ಹತ್ತುವವರ ಮುಂಗಾಲು ಮೊದಲು, ಚಪ್ಪಲಿ ಹಿಂದಿನಿಂದ ಅಂಗಾಲಿಗೆ ಬಡಿಯುತ್ತದೆ. ನಡುನಡುವೆ ಸಣ್ಣ ಏದುಸಿರು. ಕೈಯಲ್ಲಿ ಭಾರ ಇಟ್ಟುಕೊಂಡವರ ಉಸಿರು.

ಯಾರಾದರೂ ಹತ್ತುತ್ತಿದ್ದರೆ ಅಣ್ಣನಿಗೆ ಎಣಿಸುವ ಚಟ. ಬೇಡವೆಂದರೂ ಎಣಿಸಿದ. ಆರು... ಏಳು... ಎಂಟು...

ಒಂಬತ್ತಕ್ಕೆ, ಧಡ್!

ಆಮೇಲೆ ಠಣ್... ಠಣ್... ಠಣ ಠಣ ಠಣ... ಏನೋ ಪಾತ್ರೆ ಕೆಳಗುರುಳಿತು. ಇನ್ನೂ ಕೆಳಗೆ... ಇನ್ನೂ ಕೆಳಗೆ. ಕೊನೆಗೆ ಅದರ ಮುಚ್ಚಳ ಒಂದೇ ಸಮನೆ ಗರಗರ ಸುತ್ತಿ, ಸುತ್ತಿ... ನಿಂತಿತು.

ತಿರುಗಿ ನೋಡಿದ. ಬಾವಿ. ಬೀಗ. ಮಂಕು ಬೆಳದಿಂಗಳು. ಒಂದು ನರಪಿಳ್ಳೆ ಇಲ್ಲ.

ತಾನು ಓಡಲಿಲ್ಲ ಎಂದು ಅಣ್ಣ ಹೇಳುತ್ತಾನೆ. ಓಡಿಬಂದರು ಎಂದು ಅತ್ತಿಗೆ ಹೇಳುತ್ತಾಳೆ. ಮಾರನೆಯ ದಿನ ಅವನ ಎಡಗಾಲಿನ ಚಪ್ಪಲಿ ಬಾವಿಯ ಹತ್ತಿರ ಸಿಕ್ಕಿತು. ನಾನಂತೂ ಅತ್ತಿಗೆಯ ಕಡೆ.

ಅಣ್ಣ ಹೆದರಿದ್ದು ಸದ್ದಿಗಲ್ಲ. ಆ ಒಂಬತ್ತು ಯಾವ ಮನೆಯದೆಂದು ಅವನಿಗೆ ಗೊತ್ತಿತ್ತು.

ಆ ರಾತ್ರಿಗೂ ಹನ್ನೆರಡು ವರ್ಷ ಹಿಂದಿನ ಮಾತು. ಒಬ್ಬ ಟೀಚರಮ್ಮನ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಟೀಚರಮ್ಮ, ಹೊರಗಿನಿಂದ ಹದಿನಾರು ಮೆಟ್ಟಿಲು. ಎಂಟು ಕಟ್ಟಿ ಮುಗಿದಿತ್ತು, ಒಂದೊಂದೂ ಏಳು ಇಂಚು, ಅಳೆದು ತೂಗಿ ಕಟ್ಟಿದ್ದು. ಅಷ್ಟರಲ್ಲಿ ಮೇಲಿನ ಮನೆಗೆ ದಪ್ಪ ಕಲ್ಲಿನ ನೆಲ ಎಂದು ತೀರ್ಮಾನವಾಗಿ, ಮೇಲಿನ ಮಟ್ಟ ಒಂದೂವರೆ ಇಂಚು ಏರಿತು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಅಣ್ಣನ ಗುರು ಕಲಿಸಿದ್ದರು. ಮಿಕ್ಕದ್ದನ್ನು ಎಲ್ಲ ಮೆಟ್ಟಿಲಿಗೂ ಹಂಚಬೇಕು. ಹದಿನಾರೂ ಒಂದಿಷ್ಟೇ ಇಷ್ಟು ಏರಿದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ಆದರೆ ಹಾಗೆ ಮಾಡಲು ಕಟ್ಟಿ ಮುಗಿಸಿದ ಎಂಟನ್ನೂ ಮತ್ತೆ ಮುಟ್ಟಬೇಕು. ಆವತ್ತು ಸಂಜೆ ಗೆಳೆಯರ ಜೊತೆ ಸಿನಿಮಾಕ್ಕೆ ಹೋಗುವುದಿತ್ತು. ಇವನು ಆ ಇಡೀ ಒಂದೂವರೆ ಇಂಚನ್ನು ಒಂಬತ್ತನೆಯ ಮೆಟ್ಟಿಲಿನ ತಲೆಗೆ ಕಟ್ಟಿ, ಮೇಲೆ ನಯವಾಗಿ ಗಿಲಾವು ಬಳಿದು, ಓಡಿದ. ಸಿನಿಮಾದಲ್ಲಿ ಅರ್ಧಕ್ಕೇ ಗೊರಕೆ ಹೊಡೆದನಂತೆ. ಅಷ್ಟಕ್ಕೆ!

ಮೊದಮೊದಲು ಆ ಮನೆಯವರೆಲ್ಲ ಅಲ್ಲಿ ಎಡವಿದರು. ಆಮೇಲೆ ಅವರ ಕಾಲೇ ಕಲಿತುಕೊಂಡಿತು. ಬಂದ ನೆಂಟರಿಗೆ "ಒಂಬತ್ತನೇದು ಎತ್ತರ, ನೋಡ್ಕೊಂಡು" ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಅದೊಂದು ತಮಾಷೆಯಾಗಿ ಹನ್ನೆರಡು ವರ್ಷ ಕಳೆಯಿತು. ಕಾಂಕ್ರೀಟಿನ ಆ ರಾತ್ರಿಗೆ ಇಪ್ಪತ್ತು ದಿನ ಮುಂಚೆ, ಆ ಬೀದಿಗೆ ಹಾಲು ಹಾಕುತ್ತಿದ್ದ ಮುದುಕ ಕೆಲಸ ಬಿಟ್ಟ. ಅವನ ಬದಲಿಗೆ ಒಬ್ಬಳು ಬಂದಳು, ಮೂವತ್ತರ ಹೆಂಗಸು. ಮೊದಲನೆಯ ದಿನ. ಬೆಳಗಿನ ಜಾವ ನಾಲ್ಕೂವರೆ, ಕತ್ತಲು. ಕೈಯಲ್ಲಿ ಹಾಲಿನ ಕ್ಯಾನು. ಅವಳಿಗೆ ಯಾರೂ ಹೇಳಿರಲಿಲ್ಲ.

ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಚಪ್ಪಲಿ ಸವೆದಿತ್ತಂತೆ ಎಂದರು. ಅವಸರ ಮಾಡಿದಳಂತೆ ಎಂದರು. ಅತ್ತಿಗೆ ಬಡಿಸುತ್ತಾ ಈ ಸುದ್ದಿ ಹೇಳಿದಾಗ ಅಣ್ಣ ಕೇಳಿದ್ದು ಒಂದೇ ಮಾತು, ಯಾವ ಮನೆ ಎಂದು. ಆಮೇಲೆ, "ಅಯ್ಯೋ ಪಾಪ... ಅವಳ ಕರ್ಮ. ಇನ್ನೊಂಚೂರು ಬಡಿಸು" ಅಂದ.

ಕರ್ಮ ಎನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸು ನೋಡಿ. ಬಸ್ಸು ತಪ್ಪಿದರೆ ನನ್ನ ಕರ್ಮ, ಇನ್ನೊಬ್ಬರ ಸೊಂಟ ಮುರಿದರೆ ಅವರ ಕರ್ಮ. ನಾನೂ ಹಾಗೇ ಆಡುತ್ತಿದ್ದೆ. ಇದನ್ನು ಕೇಳಿದ ಮೇಲೆ ಬಿಟ್ಟೆ.

ಸರಿ. ಬಾವಿಯ ಹತ್ತಿರ ಕೇಳಿದ್ದು ಅಲ್ಲಿಗೇ ಮುಗಿಯಲಿಲ್ಲ. ಮಾರನೆಯ ದಿನದಿಂದ ಮನೆಯೊಳಗೇ ಶುರುವಾಯಿತು.

ಅಣ್ಣನದು ತಗಡಿನ ಸೂರಿನ ಒಂದೇ ಅಂತಸ್ತಿನ ಮನೆ. ಊರಿಗೆಲ್ಲ ಮೆಟ್ಟಿಲು ಕಟ್ಟಿದವನ ಮನೆಗೆ ಹೊಸ್ತಿಲು ಬಿಟ್ಟರೆ ಹತ್ತಲು ಏನೂ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ, ಅಡುಗೆಮನೆಯ ಗೋಡೆಯ ಆಚೆಯಿಂದ... ಟಪ್... ಟಪ್... ಎಂಟು ಹೆಜ್ಜೆಯವರೆಗೆ. ಒಂಬತ್ತಕ್ಕೆ ಧಡ್. ಕ್ಯಾನು ಉರುಳುವ ಸದ್ದು. ಮೌನ. ದಿನಾ ಒಂದೇ ಸಲ. ಆಚೆ ಹೋಗಿ ನೋಡಿದರೆ ಒಗೆಯುವ ಕಲ್ಲು, ಒಂದು ಬಕೆಟ್ಟು.

ಅಣ್ಣನಿಗೆ ನಿದ್ದೆ ಹಾರಿತು. ಏಳುವುದು, ನೀರು ಕುಡಿಯುವುದು, ಬಾಗಿಲ ಚಿಲಕ ಎಳೆದು ನೋಡುವುದು, ಗೋಡೆಗೆ ಕಿವಿ ಇಡುವುದು, ಮತ್ತೆ ಮಲಗುವುದು. ಕೆಲಸದ ಜಾಗದಲ್ಲೂ ಅಷ್ಟೇ. ಎಂಟು ಮೆಟ್ಟಿಲು ಹತ್ತುತ್ತಾನೆ, ಅಲ್ಲಿ ಕಾಲು ನಿಂತುಬಿಡುತ್ತದೆ. ಗೋಡೆ ಹಿಡಿದುಕೊಂಡು ಮುಂದಿನದನ್ನು ತಡವಬೇಕು. ಕೂಲಿಯವರು ಮುಸಿಮುಸಿ ನಕ್ಕರು.

"ರೀ... ಮಲಗಬಾರ್ದಾ?" ಅತ್ತಿಗೆ ಪಿಸುಗುಟ್ಟುವಳು.

"ಕೇಳಿಸ್ತಾ?"

"ಏನು?"

"ಏನಿಲ್ಲ. ಮಲಗು."

ಆಗ ಮನೆಯಲ್ಲಿ ಅವರ ಒಬ್ಬಳೇ ಮಗಳೂ ಇದ್ದಳು. ಏಳು ತಿಂಗಳ ಬಸುರಿ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ ಇರುವವನು. ಅದಕ್ಕೇ ತಾಯಿಯ ಹತ್ತಿರ ಬಂದಿದ್ದಳು. ಆರನೆಯ ರಾತ್ರಿ ಅಣ್ಣ ಕತ್ತಲಲ್ಲಿ ಅಡುಗೆಮನೆಯಲ್ಲಿ ನಿಂತಿದ್ದಾನೆ. ಹಿಂದಿನಿಂದ ಮೆಲ್ಲಗೆ,

"ಅಪ್ಪಾ..."

ಬೆಚ್ಚಿ ತಿರುಗಿದ. ಮಗಳು.

"ಯಾಕಮ್ಮ, ನಿದ್ದೆ ಬರಲಿಲ್ವಾ?"

"ದಿನಾ ಈ ಹೊತ್ತಿಗೆ ಎಚ್ಚರ ಆಗತ್ತಪ್ಪ." ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. "ಮಗು ಒದೆಯತ್ತೆ. ಒಂದೇ ಲೆಕ್ಕ. ಯಾರೋ ಒಳಗೆ ಹತ್ತುತಾ ಇದ್ದ ಹಾಗೆ. ಈಗ... ಈಗ ಶುರು ನೋಡು."

ಗೋಡೆಯಾಚೆ, ಟಪ್.

"ಒಂದು," ಅಂದಳು ಮಗಳು.

ಟಪ್.

"ಎರಡು..."

ಅವಳಿಗೆ ಗೋಡೆಯ ಸದ್ದು ಕೇಳಿಸುತ್ತಿಲ್ಲ, ಅವಳು ಹೊಟ್ಟೆಯನ್ನೇ ನೋಡುತ್ತಿದ್ದಾಳೆ. ಎರಡೂ ಒಂದಕ್ಕೊಂದು ತಾಳೆಯಾಗುತ್ತಿವೆ. ಅಣ್ಣ ಒಲೆಯ ಕಟ್ಟೆಯನ್ನು ಹಿಡಿದುಕೊಂಡ. ಏಳು... ಎಂಟು...

ಧಡ್.

"ಅಷ್ಟೇ. ನಿಂತೋಯ್ತು." ಮಗಳು ಹೊಟ್ಟೆ ಒತ್ತಿ ನೋಡಿಕೊಂಡಳು. "ಆಮೇಲೆ ಅಲ್ಲಾಡೋದೇ ಇಲ್ಲ. ಮೊದಲು ಬೆಳಗಾಗೋವರೆಗೆ ಸುಮ್ಮನಿರ್ತಿತ್ತು. ಆಮೇಲೆ ಮಧ್ಯಾಹ್ನದವರೆಗೆ. ನಿನ್ನೆ ದೀಪ ಹಚ್ಚೋ ಹೊತ್ತಾದ್ರೂ ಅಲ್ಲಾಡ್ಲಿಲ್ಲ. ಆಸ್ಪತ್ರೇಲಿ ಎಲ್ಲಾ ಸರಿ ಇದೆ ಅಂತಾರೆ. ನಂಗೆ ಭಯ ಆಗ್ತಿದೆ ಅಪ್ಪಾ... ಒಂದಿನ ಪೂರ್ತಿ ನಿಂತುಬಿಟ್ರೆ?"

ಅಣ್ಣ ಆ ರಾತ್ರಿ ಅತ್ತ. ಮಗಳು ಹೋಗಿ ಮಲಗಿದ ಮೇಲೆ, ಒಗೆಯುವ ಕಲ್ಲಿನ ಮೇಲೆ ಕೂತು, ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ. ಇದನ್ನು ಅವನೇ ನನಗೆ ಹೇಳಿದ್ದು. ಹೇಳಿ, ಯಾರಿಗೂ ಹೇಳಬೇಡ ಅಂದಿದ್ದ.

ಬೆಳಗಾಗುತ್ತಲೇ ಟೀಚರಮ್ಮನ ಮನೆಗೆ ಹೋದ. ಅವರಿಗಾಗ ಎಪ್ಪತ್ತರ ಹತ್ತಿರ. ಮೇಲೆ ಕಟಕಟೆ ಹಿಡಿದು ನಿಂತಿದ್ದವರು ಇವನನ್ನು ಕಂಡು, "ಓಹೋ ಮೇಸ್ತ್ರಿ, ಬನ್ನಿ ಬನ್ನಿ. ಒಂಬತ್ತನೇದು ನೋಡ್ಕೊಂಡು!" ಎಂದು ಕೂಗಿದರು. ಕಟ್ಟಿದವನಿಗೇ!

ಅಣ್ಣ ಎಂಟನೆಯದರಲ್ಲಿ ನಿಂತ. ಮುಂದೆ ಹೋಗಲು ಕಾಲು ಬರಲಿಲ್ಲ. ಅಲ್ಲೇ ನಿಂತು ತಲೆಯೆತ್ತಿ,

"ಅಮ್ಮಾ... ಇದನ್ನ ಕಟ್ಟಿದವನು ನಾನೇ" ಅಂದ.

"ಇಡೀ ಮನೆ ಕಟ್ಟಿದ್ದೇ ನೀವಲ್ಲವೇನ್ರೀ."

"ಹಾಗಲ್ಲಮ್ಮ. ತಪ್ಪು ಅಂತ ಗೊತ್ತಿದ್ದೂ ಕಟ್ಟಿದೆ. ಸಿನಿಮಾಕ್ಕೆ ಹೊತ್ತಾಗಿತ್ತು."

ಟೀಚರಮ್ಮ ಬೈಯುತ್ತಾರೆ ಅಂದುಕೊಂಡಿದ್ದ. ಅವರು ನಿಧಾನಕ್ಕೆ ಮೇಲಿನ ಮೆಟ್ಟಿಲ ಮೇಲೆ ಕೂತುಕೊಂಡರು.

"ನಂಗೆ ಆವತ್ತು ಎಚ್ಚರ ಇತ್ತು ಮೇಸ್ತ್ರಿ" ಅಂದರು. "ಅವಳು ಗೇಟು ತೆಗೆದದ್ದು ಕೇಳಿಸ್ತು. ಹೊಸಬಳು, ದೀಪ ಹಾಕಬೇಕು ಅನ್ನಿಸ್ತು. ಸ್ವಿಚ್ಚು ಇದ್ದದ್ದು ನನ್ನ ತಲೆದಿಂಬಿನ ಹತ್ರಾನೇ. ಚಳಿ... ಕೈ ಹೊರಗೆ ತೆಗೀಲಿಲ್ಲ."

ಇಬ್ಬರ ನಡುವೆ ಆ ಮೆಟ್ಟಿಲು.

"ಒಡೀರಿ ಇದನ್ನ," ಅಂದರು ಕೊನೆಗೆ. "ನಾಳೆಯಿಂದಲೇ."

"ನಾಳೆ ಬೆಳಗಿನ ಜಾವಕ್ಕೇ ಬರ್ತೀನಮ್ಮ. ನಾಲ್ಕಕ್ಕೆ. ದೀಪ ಮಾತ್ರ ಹಾಕಬೇಡಿ, ಆವತ್ತಿನ ಹಾಗೇ ಇರಲಿ."

ಟೀಚರಮ್ಮ ತಲೆಯಾಡಿಸಿದರು.

ನಾಲ್ಕಕ್ಕೆ ಅಣ್ಣ ಹೋಗಿ ಹತ್ತನೆಯ ಮೆಟ್ಟಿಲ ಮೇಲೆ ಕೂತ. ಉಳಿ, ಸುತ್ತಿಗೆ ಪಕ್ಕದಲ್ಲಿ. ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಿ ನಿಂತಿತು. ಎದ್ದು ಹೋಗಿಬಿಡಲೇ ಅನ್ನಿಸಿತು. ಹೋದರೆ ಮನೆಯಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತಿರುತ್ತಾಳೆ. ಕೂತ.

ಗೇಟು ಕಿರ್ರ್... ಎಂದಿತು.

ಟಪ್...

ಈ ಸಲ ಗೋಡೆಯಾಚೆಯಿಂದಲ್ಲ. ಅವನ ಕಾಲ ಕೆಳಗಿನ ಮೆಟ್ಟಿಲ ಮೇಲೇ. ಟಪ್... ಟಪ್... ಕ್ಯಾನಿನ ಹಿಡಿ ಕಿಣ್ ಕಿಣ್ ಎನ್ನುತ್ತಿತ್ತು. ಹಸಿ ಹಾಲಿನ ವಾಸನೆ. ಏಳು... ಎಂಟು...

ನಿಂತಿತು.

ಅಣ್ಣನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಯಾರೋ ಉಸಿರಾಡುತ್ತಿದ್ದಾರೆ. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಪಿಸುಮಾತು...

"ಅಣ್ಣಾ... ದೀಪ ಇಲ್ವಾ?"

"ಇ... ಇಲ್ಲ ತಾಯಿ."

"ಮುಂದಿನದು ಸಿಗ್ತಾ ಇಲ್ಲ."

"ಅದು ಎತ್ತರ ಇದೆ... ಕಾಲು ಎತ್ತಿ ಇಡು."

"ಎಷ್ಟು?"

"ಒಂದೂವರೆ ಇಂಚು ಜಾಸ್ತಿ." ಅಳು ಒತ್ತರಿಸಿ ಬಂತು. "ನಾನು ಮಾಡಿದ್ದು. ನನ್ನ ತಪ್ಪು ಕಣಮ್ಮ. ಎತ್ತಿ ಇಡು."

"ಯಾರೂ ಹೇಳ್ಲೇ ಇಲ್ಲ ನೋಡು."

ಆ ದನಿಯಲ್ಲಿ ಕೋಪ ಇರಲಿಲ್ಲವಂತೆ. ಬಸ್ಸು ಹೊರಟುಹೋಯಿತು ಎಂದು ತಿಳಿಯದೆ ಕಾಯುತ್ತಾ ನಿಂತವರು ಹೇಳುತ್ತಾರಲ್ಲ, ಹಾಗೆ. ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ಎನ್ನುತ್ತಾನೆ ಅಣ್ಣ.

ಟಪ್.

ಒಂಬತ್ತು.

ಒದ್ದೆ ಬಟ್ಟೆಯ ಅಂಚೊಂದು ಅವನ ಬೆರಳ ಗೆಣ್ಣು ಸವರಿಕೊಂಡು ಮೇಲೆ ಹೋಯಿತು. ಹತ್ತು... ಹನ್ನೊಂದು... ಹದಿನಾರು. ಮೇಲೆ ಬಾಗಿಲ ಮುಂದೆ ಕ್ಯಾನು ಇಟ್ಟ ಸದ್ದು, ಠಕ್. ಅಷ್ಟೇ. ಇಳಿದ ಸದ್ದು ಬರಲೇ ಇಲ್ಲ.

ಬೆಳಕು ಹರಿದ ಮೇಲೆ ಅಣ್ಣ ಸುತ್ತಿಗೆ ಎತ್ತಿಕೊಂಡ. ಒಂದು ಮೆಟ್ಟಿಲು ಸರಿ ಮಾಡಲು ಎಲ್ಲವನ್ನೂ ಮುಟ್ಟಬೇಕಾಯಿತು. ಕೆಳಗಿನ ಎಂಟು ಸ್ವಲ್ಪ ಸ್ವಲ್ಪವೇ ಏರಬೇಕು, ಮೇಲಿನವು ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಕೂಲಿಯವರನ್ನು ಕರೆಯದೆ ಒಬ್ಬನೇ ಆರು ದಿನ ಕೆಲಸ ಮಾಡಿದ. ಟೀಚರಮ್ಮ ಆರು ದಿನ ಕೆಳಗಿಳಿಯಲಿಲ್ಲ, ಬಾಡಿಗೆಯವರು ಹಗ್ಗಕ್ಕೆ ಬುಟ್ಟಿ ಕಟ್ಟಿ ಊಟ ಏರಿಸಿದರು. ದಾರಿಯಲ್ಲಿ ಹೋಗುವವರು ಏನಾಯ್ತು ಮೇಸ್ತ್ರಿ ಎಂದರೆ, "ತಪ್ಪು ಕಟ್ಟಿದ್ದೆ, ಅದಕ್ಕೇ ಆ ಹೆಂಗಸು ಸತ್ತಳು" ಎಂದು ಕೇಳಿದವರಿಗೆಲ್ಲ ಹೇಳಿದ. ಒಪ್ಪಿಕೊಂಡಿದ್ದ ಎರಡು ಮನೆ ಕೆಲಸ ಕೈಬಿಟ್ಟುಹೋಯಿತು. ಒಂಬತ್ತನೇ ಮೇಸ್ತ್ರಿ ಎಂದು ಅಡ್ಡಹೆಸರು ಬಿತ್ತು. ಇವತ್ತಿಗೂ ಹಾಗೇ ಕರೆಯುತ್ತಾರೆ, ಅವನು ಓಗೊಡುತ್ತಾನೆ.

ಕೆಲಸ ಮುಗಿದ ದಿನ ಹಾಲಿನವಳ ಮನೆಗೂ ಹೋದ. ಅವಳ ಗಂಡ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. "ಅವಳ ಕರ್ಮ ಅಂತ ಹೇಗೋ ಸಮಾಧಾನ ಮಾಡ್ಕೊಂಡಿದ್ದೆ ಕಣ್ರೀ," ಅಂದನಂತೆ. "ಈಗ ಅದನ್ನೂ ಕಿತ್ಕೊಂಡ್ರಲ್ಲ." ಬಾಗಿಲು ಹಾಕಿಕೊಂಡ. ಅಣ್ಣ ಆ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ನೆನಪಿಲ್ಲ.

ಸದ್ದು ನಿಂತಿತು. ಮಗಳ ಹೊಟ್ಟೆಯಲ್ಲಿ ಮಗು ಹಗಲೂ ರಾತ್ರಿ ಲೆಕ್ಕವಿಲ್ಲದೆ ಒದೆಯತೊಡಗಿತು. "ಈಗ ನಿದ್ದೇನೇ ಕೊಡಲ್ಲ ಅಪ್ಪಾ" ಎಂದು ದೂರುತ್ತಾ ನಗುತ್ತಿದ್ದಳು. ಎರಡು ತಿಂಗಳಿಗೆ ಹೆಣ್ಣು ಮಗು, ದುಂಡುದುಂಡಗೆ. ಅಣ್ಣ ಮೆಲ್ಲಗೆ ಮೊದಲಿನ ಹಾಗೆ ನಿದ್ದೆ ಮಾಡಲು ಕಲಿತ. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ಹೇಳುತ್ತಿರಲಿಲ್ಲ. ಏನೋ ಭ್ರಮೆ, ಪಾಪಪ್ರಜ್ಞೆ ಎಂದು ನೀವೂ ತಳ್ಳಿಹಾಕಬಹುದಿತ್ತು.

ಆದರೆ ಮಗು ಮೊದಲು ನಡೆದ ದಿನ ನಾನು ಅಲ್ಲೇ ಇದ್ದೆ. ಅಣ್ಣನ ಮನೆಯ ನಡುಕೋಣೆ. ಅವನೇ ಹಾಕಿದ ನೆಲ, ಗೋಲಿ ಇಟ್ಟರೆ ಉರುಳುವುದಿಲ್ಲ, ಅಷ್ಟು ಮಟ್ಟ. ಅಣ್ಣ ಈ ಕೊನೆಯಲ್ಲಿ ಎರಡೂ ಕೈ ಚಾಚಿ ಕುಕ್ಕರಗಾಲಲ್ಲಿ ಕೂತಿದ್ದ. ಮಗು ಗೋಡೆ ಬಿಟ್ಟು ಅವನ ಕಡೆ ಹೊರಟಿತು. ನಾವೆಲ್ಲ ಚಪ್ಪಾಳೆ ತಟ್ಟುತ್ತಾ ಎಣಿಸಿದೆವು, ಒಂದು, ಎರಡು, ಮೂರು... ಎಂಟು.

ಅಲ್ಲಿ ನಿಂತಿತು. ಕೆಳಗೆ ನೋಡಿತು. ಆಮೇಲೆ ಬಲಗಾಲನ್ನು ಎತ್ತರಕ್ಕೆ ಎತ್ತಿ... ಏನನ್ನೋ ಹತ್ತುವ ಹಾಗೆ ಜೋಪಾನವಾಗಿ ಮುಂದಿಟ್ಟಿತು. ಉಳಿದ ಹೆಜ್ಜೆಗಳನ್ನು ಸಲೀಸಾಗಿ ಹಾಕಿ ಅಜ್ಜನ ಕೈ ಸೇರಿತು.

ಎಲ್ಲರೂ ನಕ್ಕರು. ಅತ್ತಿಗೆ ದೃಷ್ಟಿಯಾದೀತು ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಣ್ಣ ಮಾತ್ರ ಹಾಗೇ ಕೈ ಚಾಚಿಕೊಂಡೇ ಕೂತಿದ್ದ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಇವತ್ತಿನವರೆಗೆ ಅದರ ಬಗ್ಗೆ ಮಾತಾಡಿಲ್ಲ.

ಅವಳಿಗೀಗ ನಾಲ್ಕು ವರ್ಷ. ಕುಣಿಯುತ್ತಾಳೆ, ಓಡುತ್ತಾಳೆ, ಕತ್ತಲಲ್ಲೂ ದಡದಡ ಓಡುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ. ಬೀಳದೆ ಬೆಳೆದ ಮಗುವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಸುಳ್ಳು ಹೇಳುವವಳಲ್ಲ. ಭಾನುವಾರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಅವಳ ಮೊಣಕಾಲು ನೋಡಿ. ಒಂದು ಗಾಯದ ಕಲೆ ಇಲ್ಲ.